ನೀರಾಟದ ಪಾರ್ಕಿಗೆ ಯಾವ ಕ್ಯಾಮೆರಾ?

ಕ್ರಿಸ್ಮಸ್ ರಜೆ ಸಮೀಪಿಸುತ್ತಿದ್ದಂತೆ ಕಾಸರಗೋಡಿನ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಒಂದೇ ಹಗಲಿನಲ್ಲಿ ಹೋಗಿ ಬರಬೇಕೆಂದರೆ ಪರಶ್ಶಿನಿಕಡವಿನ ವಿಸ್ಮಯ. ದೂರದ ಆಸೆಯಿದ್ದರೆ ಕೊಚ್ಚಿಯ ಬಳಿ ಪಳ್ಳಿಕ್ಕರದಲ್ಲಿರುವ ವಂಡರ್‌ಲಾ. (ನಮ್ಮ ಬೇಕಲದ ಪಕ್ಕದ ಪಳ್ಳಿಕ್ಕರೆ ಅಲ್ಲ, ಎರ್ನಾಕುಳಂ ಜಿಲ್ಲೆಯ ಪಳ್ಳಿಕ್ಕರ.) 2000ದಲ್ಲಿ ತೆರೆದಾಗ ಅದರ ಹೆಸರು ವೀಗಾಲ್ಯಾಂಡ್ ಎಂದಿತ್ತು, ಅಂದು ಅಲ್ಲಿ ನೀರಾಡಿ ಬಂದ ಮಕ್ಕಳಲ್ಲಿ ಕೆಲವರು ಇಂದು ಹೆತ್ತವರಾಗಿದ್ದರೂ ಅದನ್ನು ವೀಗಾಲ್ಯಾಂಡೆಂದೇ ಕರೆಯುತ್ತಾರೆ. ಪ್ರವಾಸದ ದಿನ ಗೊತ್ತಾದ ಕೂಡಲೇ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಿದೆ: ಫೋಟೋ ತೆಗೆಯಲು ಏನನ್ನು ಒಯ್ಯುವುದು? ಹೊಸ ಮೊಬೈಲ್ ಕೊಳ್ಳಬೇಕೇ, ಕ್ಯಾಮೆರಾ ಕೊಳ್ಳಬೇಕೇ?

ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ದಿನದ ವಿಹಾರಕ್ಕಾಗಿ ವರ್ಷವಿಡೀ ಕಂತು ಕಟ್ಟುವುದು ಯಾವ ಲೆಕ್ಕದಲ್ಲಿಯೂ ಹೊಂದುವುದಿಲ್ಲ. ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲಿನ ಮಾತು: ಐವತ್ತು, ನೂರೆಂಟು, ಇನ್ನೂರು. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆಗಳು. ಸ್ಟುಡಿಯೋದಲ್ಲಿ ಅಚ್ಚು ಹಾಕಿಸುವ ಸಾಮಾನ್ಯ ಅಳತೆಯಾದ 4×6 ಇಂಚಿನ ಫೋಟೋಕ್ಕೆ ಇಂಚಿಗೆ 300 ಚುಕ್ಕೆಗಳಂತೆ ಲೆಕ್ಕ ಹಾಕಿದರೆ ಬೇಕಾಗುವುದು 1200×1800, ಅಂದರೆ ಇಪ್ಪತ್ತೊಂದೂವರೆ ಲಕ್ಷದಷ್ಟು ಚುಕ್ಕೆಗಳು ಮಾತ್ರ. ಐದಾರು ವರ್ಷ ಹಳೆಯ, ಹನ್ನೆರಡು ಮೆಗಾಪಿಕ್ಸೆಲಿನ ಮೊಬೈಲ್ ಕೂಡ ಅದರ ಐದು ಪಟ್ಟಿಗೂ ಹೆಚ್ಚು ಕೊಡುತ್ತದೆ. ಉಳಿದದ್ದೆಲ್ಲ ಜಾಹೀರಾತಿನ ಭಾರ.

ಮೊಬೈಲ್ ಸೋಲುವುದು ಬೇರೆಡೆಯಲ್ಲಿ. ಎತ್ತರದ ತೊಟ್ಟಿಲಲ್ಲಿ ಕೈಬೀಸುವ ಮಗುವನ್ನು ಹತ್ತಿರಕ್ಕೆ ತಂದುಕೊಳ್ಳಲು ತೆರೆಯ ಮೇಲೆ ಬೆರಳುಗಳನ್ನು ಅಗಲಿಸಿದರೆ, ದೂರದ ಮಸೂರವಿಲ್ಲದ ಮೊಬೈಲ್ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆಯೇ ಹೊರತು ನಿಜವಾಗಿ ಹತ್ತಿರ ತರುವುದಿಲ್ಲ. ಮಸೂರವೇ ಚಲಿಸಿ ದೂರವನ್ನು ಎಳೆದು ತರುವ ಕೆಲಸವನ್ನು ಹಳೆಯ ಚಿಕ್ಕ ಡಿಜಿಟಲ್ ಕ್ಯಾಮೆರಾಗಳು ಇಂದಿಗೂ ಚೆನ್ನಾಗಿ ಮಾಡುತ್ತವೆ. ಗಲ್ಫಿನಿಂದ ರಜೆಗೆ ಬಂದ ಮಾವನೋ ಚಿಕ್ಕಪ್ಪನೋ ತಂದುಕೊಟ್ಟ ಅಂಥದೊಂದು ನಮ್ಮ ಹಲವು ಮನೆಗಳ ಕಪಾಟಿನಲ್ಲಿ ಮಲಗಿರುತ್ತದೆ. ಅದನ್ನು ಹೊರತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಬಳಸಲೇಬೇಡಿ. ಚೆನ್ನಾಗಿದ್ದರೆ ಚಾರ್ಜು ಮಾಡಿ, ಕಾರ್ಡು ಖಾಲಿ ಮಾಡಿ, ಹೊರಡುವುದಕ್ಕೆ ವಾರ ಮೊದಲೇ ಅಂಗಳದಲ್ಲಿ ಹತ್ತಿಪ್ಪತ್ತು ಚಿತ್ರ ತೆಗೆದು ನೋಡಿ. ಕ್ಯಾಮೆರಾದ ದಿನಾಂಕವನ್ನೂ ಸರಿಪಡಿಸಿ; ಇಲ್ಲವಾದರೆ ಈ ವರ್ಷದ ಪ್ರವಾಸ ಹದಿನೈದು ವರ್ಷ ಹಿಂದಿನದೆಂದು ದಾಖಲಾಗುತ್ತದೆ.

ಇನ್ನು ನೀರಿನ ವಿಷಯ. ಹೊಸ ಮೊಬೈಲುಗಳ ಪೆಟ್ಟಿಗೆಯ ಮೇಲೆ ಐಪಿ 67, ಐಪಿ 68 ಎಂದು ಬರೆದಿರುವುದನ್ನು ಓದಿ ಮಕ್ಕಳು ‘ನಮ್ಮದು ನೀರಿಗೆ ಬಿದ್ದರೂ ಏನೂ ಆಗದು’ ಎನ್ನುತ್ತಾರೆ. ಕೊನೆಯ ಅಂಕಿ 7 ಆಗಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಎಂದರ್ಥ. 8 ಆಗಿದ್ದರೆ ಅದಕ್ಕಿಂತ ಕಠಿಣವಾದ, ತಯಾರಕರೇ ತಿಳಿಸುವ ಆಳ ಮತ್ತು ಹೊತ್ತು. ಆದರೆ ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಶುದ್ಧವಾದ, ಅಲುಗಾಡದ ನೀರಿನಲ್ಲಿ. ಪಾರ್ಕಿನ ಕೊಳದ ನೀರಿಗೆ ಕ್ಲೋರಿನ್ ಬೆರೆತಿರುತ್ತದೆ. ಜಾರುಬಂಡೆಯ ಬುಡದಲ್ಲಿ ನೀರು ಬಡಿಯುವ ರಭಸ ಬೇರೆ. ಒಮ್ಮೆ ಕೆಳಗೆ ಬಿದ್ದ, ಒಮ್ಮೆ ತೆರೆ ಬದಲಿಸಿದ ಮೊಬೈಲಿನ ಒಳಗಿನ ಅಂಟು ಮೊದಲಿನಂತೆ ಇರುವುದಿಲ್ಲ. ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ ಎಂಬುದನ್ನು ಅದೇ ಪೆಟ್ಟಿಗೆಯೊಳಗಿನ ಸಣ್ಣ ಅಕ್ಷರಗಳಲ್ಲಿ ಕಾಣಬಹುದು.

ಕೊರಳಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಚೀಲ ಅಗ್ಗದ ಉಪಾಯ. ಆದರೆ ಅದನ್ನು ನಂಬುವ ಮೊದಲು ಒಳಗೆ ಕಾಗದದ ಕರವಸ್ತ್ರವೊಂದನ್ನು ಮಾತ್ರ ಇಟ್ಟು, ಬಾಲ್ದಿಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಕಾಗದ ಒದ್ದೆಯಾದರೆ ಚೀಲವನ್ನು ಎಸೆಯಿರಿ. ಒದ್ದೆ ಚೀಲದ ಹೊರಗಿನಿಂದ ತೆರೆ ಬೆರಳಿಗೆ ಸ್ಪಂದಿಸದು. ಬದಿಯಲ್ಲಿರುವ ದನಿ ಏರಿಸುವ ಗುಂಡಿಯನ್ನೊತ್ತಿದರೆ ಬಹುತೇಕ ಮೊಬೈಲುಗಳಲ್ಲಿ ಚಿತ್ರ ಬೀಳುತ್ತದೆ. ನೀರಿಗೇ ಇಳಿಸುವಂಥ ಪುಟ್ಟ ಆಕ್ಷನ್ ಕ್ಯಾಮೆರಾ ನೆಂಟರ ಬಳಿ ಇದ್ದರೆ ಕೇಳಿ ಪಡೆಯಬಹುದು. ಇದಕ್ಕೆಂದೇ ಕೊಳ್ಳುವಷ್ಟು ಅದರಿಂದ ಪ್ರಯೋಜನವಿಲ್ಲ, ಅದರ ಅಗಲ ನೋಟದಲ್ಲಿ ಮುಖಗಳು ಕಡಲೆಕಾಳಿನಷ್ಟಾಗುತ್ತವೆ. ರಭಸದ ಆಟಗಳಿಗೆ ಹತ್ತುವಾಗ ಮಾತ್ರ ಯಾವುದನ್ನೂ ಕೈಯಲ್ಲಿ ಹಿಡಿಯಬಾರದು. ಮೇಲಿನಿಂದ ಜಾರಿದ ಮೊಬೈಲು ಕೆಳಗಿದ್ದವರ ತಲೆಗೆ ಕಲ್ಲಾಗುತ್ತದೆ. ಲಾಕರಿನ ಬಾಡಿಗೆಗೆ ಜಿಪುಣತನ ಬೇಡ.

ಇದಕ್ಕಿಂತ ದೊಡ್ಡ ವಿಷಯವೊಂದಿದೆ. ಅಲೆಯೇಳುವ ಕೊಳದ ಅಂಚಿನಲ್ಲಿ ನಿಂತು ಮೊಬೈಲ್ ಹಿಡಿದ ತಂದೆ ಮಗುವನ್ನೇ ನೋಡುತ್ತಿದ್ದೇನೆಂದು ಭಾವಿಸುತ್ತಾನೆ. ಅವನು ನೋಡುತ್ತಿರುವುದು ಅಂಗೈಯಗಲದ ತೆರೆಯನ್ನು. ಅದರ ಚೌಕಟ್ಟಿನಿಂದ ಮಗು ಹೊರಗೆ ಹೋದದ್ದು ಅವನಿಗೆ ತಿಳಿಯುವುದಿಲ್ಲ. ನೀರಿನಲ್ಲಿ ಮುಳುಗುವ ಮಗು ಸಿನೆಮಾದಲ್ಲಿಯಂತೆ ಕೂಗಿ ಕೈಬಡಿಯುವುದು ಅಪರೂಪ. ಉಸಿರಿಗೇ ಅವಕಾಶವಿಲ್ಲದಾಗ ಕೂಗಿಗೆಲ್ಲಿಯದು? ಸೊಂಟದಷ್ಟು ನೀರಿನಲ್ಲಿ, ಜನರ ನಡುವೆ, ಸದ್ದಿಲ್ಲದೆ ಅದು ನಡೆದುಹೋಗಬಹುದು. ಆದುದರಿಂದ ಚಿತ್ರ ತೆಗೆಯುವವರು ಬೇರೆ, ಕಾವಲಿರುವವರು ಬೇರೆ ಎಂದು ಮನೆಯಲ್ಲಿಯೇ ತೀರ್ಮಾನಿಸಬೇಕು. ಶಾಲೆಯ ಪ್ರವಾಸವಾದರೆ ಅಧ್ಯಾಪಕರಲ್ಲಿ ಒಬ್ಬರಿಗೆ ಮಾತ್ರ ಕ್ಯಾಮೆರಾದ ಹೊಣೆ ಇರಲಿ. ಉಳಿದವರ ಮೊಬೈಲು ಬ್ಯಾಗಿನಲ್ಲಿರಲಿ. ‘ಈಗಲೇ ಫೋಟೋ ಕಳುಹಿಸಿ ಟೀಚರ್’ ಎಂದು ಮನೆಯಿಂದ ಗಳಿಗೆಗೊಮ್ಮೆ ಸಂದೇಶ ಕಳುಹಿಸುವ ಹೆತ್ತವರು ತಮ್ಮ ಮಗುವಿನ ಮೇಲಿರುವ ಒಂದು ಕಣ್ಣನ್ನು ತಾವೇ ಕೀಳುತ್ತಿದ್ದಾರೆ.

ಒದ್ದೆ ಬಟ್ಟೆಯಲ್ಲಿರುವ ಮಕ್ಕಳ ಚಿತ್ರಗಳನ್ನು, ವಿಶೇಷವಾಗಿ ಹೆಣ್ಣುಮಕ್ಕಳದನ್ನು, ತರಗತಿಯ ವಾಟ್ಸ್ಯಾಪ್ ಗುಂಪಿಗೆ ಹಾಕಬಾರದು. ಗುಂಪಿನಲ್ಲಿರುವ ಐವತ್ತು ಮಂದಿ ಸಜ್ಜನರೇ ಆಗಿದ್ದರೂ ಚಿತ್ರ ಅಲ್ಲಿಯೇ ನಿಲ್ಲುವುದಿಲ್ಲ. ನಿಮ್ಮ ಮಗುವಿನ ಹಿಂದೆ ಬೇರೆಯವರ ಮಗು ಕಾಣುತ್ತಿದ್ದರೆ ಅದಕ್ಕೂ ಇದೇ ನಿಯಮ. ಪ್ರವಾಸಕ್ಕೆ ಮೊದಲು ನಡೆಯುವ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಬಸ್ಸಿನ ಬಾಡಿಗೆಯ ಜೊತೆಗೆ ಇದನ್ನೂ ಐದು ನಿಮಿಷ ಮಾತಾಡಬಹುದು.

ಚಿತ್ರ ತೆಗೆಯುವ ರೀತಿಯ ಬಗ್ಗೆ ಎರಡು ಮಾತು. ನಡುಹಗಲ ಬಿಸಿಲಿನಲ್ಲಿ ಮಕ್ಕಳನ್ನು ಸೂರ್ಯನಿಗೆ ಎದುರಾಗಿ ನಿಲ್ಲಿಸಿದರೆ ಎಲ್ಲರ ಕಣ್ಣೂ ಕಿರಿದಾಗಿ ಹುಬ್ಬಿನ ನೆರಳು ಕೆನ್ನೆಗಿಳಿಯುತ್ತದೆ. ಮರದ ಅಥವಾ ಮಾಡಿನ ನೆರಳಿನ ಅಂಚಿಗೆ ಕರೆದುಕೊಂಡು ಹೋಗಿ. ಓಡುವ ಆಟಗಳ ಚಿತ್ರ ಕದಡದಿರಬೇಕಾದರೆ ಕ್ಯಾಮೆರಾದ ಷಟರ್ ವೇಗ 1/500 ಸೆಕೆಂಡು ಅಥವಾ ಅದಕ್ಕೂ ಚುರುಕಾಗಿರಬೇಕು; ಮೊಬೈಲಿನಲ್ಲಾದರೆ ಗುಂಡಿಯನ್ನು ಒತ್ತಿಹಿಡಿದು ಸಾಲಾಗಿ ತೆಗೆದು ಒಂದನ್ನು ಉಳಿಸಿಕೊಳ್ಳಿ. ಎಸಿ ವಾಹನದಿಂದ ನಮ್ಮ ಕರಾವಳಿಯ ಸೆಕೆಗೆ ಇಳಿದ ಕೂಡಲೇ ಗಾಜಿನ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಹತ್ತು ನಿಮಿಷ ಕಾಯುವುದೇ ಮದ್ದು. ಪರಶ್ಶಿನಿಕಡವಿಗೆ ಹೋದವರು ಅಲ್ಲಿಯ ಹಾವಿನ ಉದ್ಯಾನವನ್ನು ಬಿಡುವುದಿಲ್ಲವಷ್ಟೆ. ಗಾಜಿನ ಗೂಡಿನೆದುರು ಫ್ಲ್ಯಾಶ್ ಹಾಕಿದರೆ ಸಿಗುವುದು ಹಾವಲ್ಲ, ಬೆಳಕಿನ ಬೊಟ್ಟು. ಫ್ಲ್ಯಾಶ್ ಆರಿಸಿ, ಮಸೂರವನ್ನು ಗಾಜಿಗೆ ಮೆಲ್ಲನೆ ತಾಗಿಸಿ ಹಿಡಿಯಿರಿ.

ದಿನದ ಅತಿ ಮುಖ್ಯ ಚಿತ್ರವನ್ನು ಬಟ್ಟೆ ಒಣಗಿರುವಾಗಲೇ, ಬೆಳಗ್ಗೆ ಬಾಗಿಲಿನ ಬಳಿ ತೆಗೆದುಬಿಡಬೇಕು: ಇಡೀ ತರಗತಿ, ಅಧ್ಯಾಪಕರು, ಬಸ್ಸಿನ ಚಾಲಕರು ಸಮೇತ. ನಮ್ಮ ಹಲವು ಕನ್ನಡ ತರಗತಿಗಳು ಒಂದೇ ಚೌಕಟ್ಟಿನಲ್ಲಿ ಯಾರನ್ನೂ ಹಿಂದೆ ತಳ್ಳದೆ ಹಿಡಿಸುವಷ್ಟು ಚಿಕ್ಕವು; ಅದು ಸಂತೋಷದ ಸಂಗತಿಯಲ್ಲವಾದರೂ ಫೋಟೋಕ್ಕೆ ಅನುಕೂಲ. ಮಕ್ಕಳು ಹನ್ನೊಂದನೆಯ ತರಗತಿಗೆ ಬೇರೆ ಬೇರೆ ಶಾಲೆಗಳಿಗೆ ಚದರಿದ ಮೇಲೆ ಇವರೆಲ್ಲ ಒಂದೇ ಬೆಂಚಿನವರಾಗಿದ್ದರು ಎನ್ನುವುದಕ್ಕೆ ಶಾಲೆಯ ಹಾಜರಿ ಪುಸ್ತಕವನ್ನು ಬಿಟ್ಟರೆ ಆ ಚಿತ್ರವೇ ಸಾಕ್ಷಿ. ಅದನ್ನು ವಾಟ್ಸ್ಯಾಪಿನಲ್ಲಿ ಹಾಗೆಯೇ ಕಳುಹಿಸಿದರೆ ಕುಗ್ಗಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲದಂತೆಯೇ ತಲಪುತ್ತದೆ. ಹೊಸ ಕ್ಯಾಮೆರಾಕ್ಕೆಂದು ಎತ್ತಿಟ್ಟ ಹಣದ ಸಣ್ಣದೊಂದು ಪಾಲಿನಲ್ಲಿ ತರಗತಿಯ ಪ್ರತಿಯೊಂದು ಮಗುವಿಗೂ ಅದರ ಅಚ್ಚು ಹಾಕಿಸಬಹುದು. ಬೆನ್ನಿಗೆ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಖಗಳ ಮೇಲೆ ಗೆರೆ ಉಬ್ಬುತ್ತದೆ. ಬೇರೆ ಚೀಟಿಯಲ್ಲಿ ಸಾಲುಸಾಲಾಗಿ ಎಡದಿಂದ ಬಲಕ್ಕೆ ಹೆಸರು, ಊರು, ತಾರೀಖು ಬರೆದು ಅಂಟಿಸಬೇಕು. ಆ ಚೀಟಿಯನ್ನು ಮಕ್ಕಳೇ ಕನ್ನಡದಲ್ಲಿ ಬರೆಯಲಿ.