ಇತಿಹಾಸದ ಸಂಯುಕ್ತ ಪದವಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಒಬ್ಬ ವಿದ್ಯಾರ್ಥಿಯ ವೃತ್ತಾಂತವಿದೆ. ಮಯೂರಶರ್ಮನು ಗುರು ವೀರಶರ್ಮನೊಡನೆ ಉನ್ನತ ವ್ಯಾಸಂಗಕ್ಕಾಗಿ ಕಾಂಚಿಯ ಘಟಿಕೆಗೆ ಹೋದನೆಂದೂ, ಅಲ್ಲಿ ಅವಮಾನಿತನಾಗಿ ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದು ಕದಂಬ ರಾಜ್ಯವನ್ನು ಸ್ಥಾಪಿಸಿದನೆಂದೂ ಐದನೆಯ ಶತಮಾನದ ಕುಬ್ಜಕವಿಯು ಅದರಲ್ಲಿ ಹೇಳಿರುವನು. ಮೇಲ್ತರಗತಿಯ ವಿದ್ಯೆಗಾಗಿ ಊರು ಬಿಡುವುದು ಈ ಸೀಮೆಯ ಹುಡುಗರಿಗೆ ಅಂದಿನಿಂದಲೂ ತಪ್ಪಿದುದಲ್ಲ.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಬಿ. ಎ., ಎಂ. ಎ.ಗಳನ್ನು ಒಂದುಗೂಡಿಸಿದ ಐದು ವರ್ಷಗಳ ಪದವಿಗೆ ಅವಕಾಶವನ್ನಿತ್ತಿತು. ನಮ್ಮ ರಾಜ್ಯವು ೨೦೨೧-೨೨ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದ್ಧತಿಯನ್ನು ಅನುಸರಿಸಿ, ೨೦೨೪-೨೫ರಿಂದ ಮರಳಿ ಮೂರು ವರ್ಷಗಳ ಪದವಿಗೆ ಬಂದಿತು. ಮೂರೋ ನಾಲ್ಕೋ ಎಂಬ ಈ ಎಣಿಕೆಯಲ್ಲಿ, ಆ ವರ್ಷಗಳಲ್ಲಿ ಏನನ್ನು ಕಲಿಸಬೇಕೆಂಬ ಮುಖ್ಯ ಪ್ರಶ್ನೆಯೇ ಮರೆಯಾಗಿದೆಯೆಂದು ನಾವು ವಿಷಾದದಿಂದ ಹೇಳಬೇಕಾಗಿದೆ.

ಇತಿಹಾಸವು ಕೇವಲ ಪುಸ್ತಕವನ್ನು ಓದಿ ಒಪ್ಪಿಸುವ ವಿಷಯವಲ್ಲ. ಕಲ್ಲನ್ನು ಓದಬಲ್ಲವನೇ ನಿಜವಾದ ಇತಿಹಾಸಜ್ಞನು. ಅದಕ್ಕೆ ಹಳಗನ್ನಡ ಬೇಕು, ಸಂಸ್ಕೃತ ಬೇಕು, ಪ್ರಾಚೀನ ಲಿಪಿಗಳ ಪರಿಚಯ ಬೇಕು. ಇವು ಎರಡು ವರ್ಷಗಳ ಎಂ. ಎ. ತರಗತಿಯಲ್ಲಿ ಅವಸರದಿಂದ ಬರುವ ವಿದ್ಯೆಗಳಲ್ಲ. ಮೊದಲನೆಯ ವರ್ಷದಲ್ಲಿಯೇ ಅಕ್ಷರಾಭ್ಯಾಸವಾಗಿ, ಐದನೆಯ ವರ್ಷದಲ್ಲಿ ಅದು ಸ್ವತಂತ್ರ ಸಂಶೋಧನೆಯಾಗಿ ಪಕ್ವವಾಗಬೇಕು. ಸಂಯುಕ್ತ ಪದವಿಯ ಸಾರ್ಥಕ್ಯವಿರುವುದು ಇದರಲ್ಲಿ. ಎರಡು ಪ್ರಮಾಣಪತ್ರಗಳನ್ನು ಒಂದು ದಾರದಲ್ಲಿ ಕಟ್ಟಿದ ಮಾತ್ರಕ್ಕೆ ಫಲವಿಲ್ಲ.

ಈ ಕೆಲಸಕ್ಕೆ ಶಿಕಾರಿಪುರ, ಸೊರಬಗಳಿಗಿಂತ ಉತ್ತಮವಾದ ಶಾಲೆ ಎಲ್ಲಿದೆ? ರೈಸ್ ಸಾಹೇಬರು ಈ ಎರಡು ತಾಲ್ಲೂಕುಗಳ ಶಾಸನಗಳನ್ನು ೧೯೦೨ ಮತ್ತು ೧೯೦೪ರ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಸೊರಬದ ಹಳ್ಳಿಹಳ್ಳಿಯಲ್ಲಿಯೂ ವೀರಗಲ್ಲು, ಮಾಸ್ತಿಕಲ್ಲುಗಳುಂಟು. ತಾಳಗುಂದದಲ್ಲಿಯೇ ಈಚಿನ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಶಾಸನವು ಕ್ರಿ. ಶ. ೩೭೦ರ ಸುಮಾರಿನದೆಂದೂ, ಹಲ್ಮಿಡಿಗಿಂತ ಹಳೆಯದೆಂದೂ ಪುರಾತತ್ವ ಇಲಾಖೆಯವರು ಅಭಿಪ್ರಾಯಪಟ್ಟಿರುವರು. ಕನ್ನಡದ ವಯಸ್ಸನ್ನೇ ನಿಶ್ಚಯಿಸುವ ಇಂತಹ ವಿಚಾರವನ್ನು ಅಕ್ಷರಗಳ ರೂಪವನ್ನರಿತವರು ಇತ್ಯರ್ಥ ಮಾಡಬೇಕೇ ಹೊರತು ಸಭೆಗಳ ಕರತಾಡನವಲ್ಲ. ಆದರೆ ಅಂತಹವರನ್ನು ನಾವು ತಯಾರು ಮಾಡುತ್ತಿರುವೆವೇ? ಕಲ್ಲು ಒಮ್ಮೆ ಒಡೆದು ತಳಪಾಯಕ್ಕೆ ಸೇರಿದರೆ ಮತ್ತೆ ಬಾರದು. ಅದನ್ನು ಓದುವ ವಿದ್ಯೆ ನಿಂತುಹೋದರೆ, ಉಳಿದ ಕಲ್ಲೂ ಮೂಕವಾಗುವುದು.

ಐದು ವರ್ಷಗಳ ವೆಚ್ಚವನ್ನು ಬಡ ರೈತನು ಹೇಗೆ ಹೊರುವನೆಂಬ ಆಕ್ಷೇಪವು ನ್ಯಾಯವಾದುದು. ಆದುದರಿಂದ ಮೂರನೆಯ ವರ್ಷದಲ್ಲಿ ಬಿ. ಎ. ಪದವಿಯೊಡನೆ ಗೌರವದಿಂದ ಹೊರಗೆ ಬರುವ ಬಾಗಿಲು ತೆರೆದಿರಬೇಕು; ಮುಂದುವರಿಯುವವರಿಗೆ ವಸತಿಯೂ ವಿದ್ಯಾರ್ಥಿವೇತನವೂ ಇರಬೇಕು. ಇದು ಹೊಸ ಮಾತಲ್ಲ. ಶಿಕಾರಿಪುರಕ್ಕೆ ಸಮೀಪದ ಬಳ್ಳಿಗಾವಿಯ ಕೋಡಿಯ ಮಠವು ವೇದ, ವ್ಯಾಕರಣ, ದರ್ಶನಗಳನ್ನು, ಬೌದ್ಧ ದರ್ಶನವನ್ನೂ ಬಿಡದೆ, ಕಲಿಸುತ್ತಿದ್ದ ಸ್ಥಾನವೆಂದು ೧೧೬೨ರ ಶಾಸನವು ವರ್ಣಿಸುತ್ತದೆ. ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿಯೇ ದೊರೆಯುತ್ತಿದ್ದುವು. ಅನ್ನವಿಲ್ಲದ ವಿದ್ಯೆ ನಿಲ್ಲದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಇದೇ ಜಿಲ್ಲೆಯ ಶಂಕರಘಟ್ಟದಲ್ಲಿದೆ. ಅದರ ಅಧಿಕಾರಿಗಳು ಇಂತಹ ವ್ಯಾಸಂಗವನ್ನು ಏರ್ಪಡಿಸಿ, ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಗ್ರಾಮದ ಶಾಸನಗಳನ್ನು ಒಪ್ಪಿಸಿ ಪರಿಶೋಧಿಸುವಂತೆ ವಿಧಿಸಲಿ. ಹೀಗಾದಲ್ಲಿ ಮಯೂರನ ನಾಡಿನ ಹುಡುಗನು ತನ್ನ ಊರಿನ ಚರಿತ್ರೆಯನ್ನು ಪರರ ಬಾಯಿಂದ ಕೇಳುವ ದುರವಸ್ಥೆ ತಪ್ಪುವುದು. ಸರ್ಕಾರವೂ ಮಹಾಜನರೂ ಇದನ್ನು ಪರಾಮರ್ಶಿಸುವರೆಂದು ನಂಬುತ್ತೇವೆ.