ಬಂಧ ಮುರಿದರೆ ಬಿಸಿ ಹುಟ್ಟದು
ರಾಸಾಯನಿಕ ಬಂಧಗಳೊಳಗೆ ಶಕ್ತಿ ಅಡಗಿದೆ, ಅವು ಮುರಿದಾಗ ಅದು ಶಾಖವಾಗಿ ಹೊರಬರುತ್ತದೆ ಎಂಬುದು ಕಳೆದ ವಾರ ಅಚ್ಚಾದ ವಿಜ್ಞಾನ ಲೇಖನದ ವಾದ. ಉರಿಯುವ ಕಟ್ಟಿಗೆ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ವಿಷಯ ತಲೆಕೆಳಗಾಗಿದೆ.

ಹೊಸಂಗಡಿ ಸುತ್ತಿನ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಹೋಗಿ ನೋಡಿ. ಮದ್ದಿಗೆ ಬೆರೆಸುವ ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಬುಸುಗುಟ್ಟಿ ಹಬೆಯೇಳುತ್ತದೆ, ಪಾತ್ರೆ ಮುಟ್ಟಲಾಗದಷ್ಟು ಕಾಯುತ್ತದೆ. ಸುಣ್ಣದ ಹರಳು ಸಡಿಲವಾಗಲು, ನೀರಿನ ಬಂಧ ಮುರಿಯಲು ಶಕ್ತಿ ಖರ್ಚಾಗುತ್ತದೆ. ಹೊಸ ಬಂಧಗಳು ಕೂಡುವಾಗ ಅದಕ್ಕಿಂತ ಹೆಚ್ಚು ಬಿಡುಗಡೆಯಾಗುತ್ತದೆ. ಮೋಲಿಗೆ ಸುಮಾರು 65 ಕಿಲೋಜೂಲ್ ಹೆಚ್ಚು. ಆ ಬಿಸಿ ಇದೇ.

ಮುರಿದರೇ ಶಾಖ ಬರುವುದಾದರೆ ಸುಣ್ಣಕ್ಕಾಗಿ ಚಿಪ್ಪು ಸುಡುವ ಗೂಡಿಗೆ ಇದ್ದಲು ತುಂಬುವುದೇಕೆ? ಚಿಪ್ಪಿನಿಂದ ಇಂಗಾಲದ ಡೈಆಕ್ಸೈಡ್ ಬೇರ್ಪಡಲು ಮೋಲಿಗೆ ಸುಮಾರು 178 ಕಿಲೋಜೂಲ್ ಬೇಕು.

ಲೇಖಕರೇ ಕೊಟ್ಟ, ಜಲಜನಕ ಉರಿಯುವ ಉದಾಹರಣೆಯನ್ನು ಲೆಕ್ಕ ಹಾಕೋಣ. ಒಂದು ಮೋಲ್ ಜಲಜನಕದ ಬಂಧ ಮುರಿಯಲು 436, ಅರ್ಧ ಮೋಲ್ ಆಮ್ಲಜನಕಕ್ಕೆ 249, ಒಟ್ಟು 685 ಕಿಲೋಜೂಲ್ ಮೊದಲು ತೆರಬೇಕು. ನೀರಿನ ಬಂಧಗಳು ಕೂಡಿದಾಗ ಸುಮಾರು 926 ಸಿಗುತ್ತದೆ. ಉಳಿಯುವ 241 ನಮಗೆ ತಾಗುವ ಶಾಖ. ಕಟ್ಟಿಗೆಯ ಕಥೆಯೂ ಹೀಗೇ. ಲೇಖಕರು ಆಮ್ಲಜನಕವನ್ನೇ ಮರೆತಿದ್ದಾರೆ.

ಮಕ್ಕಳು ಆ ಲೇಖನವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವ ಮೊದಲು ತಿದ್ದುಪಡಿ ಅಚ್ಚಾಗಲಿ.