ಆರ್‌ಎನ್‌ಎ ಅಂದರೆ ಲಸಿಕೆ ಮಾತ್ರವೇ? ನಮ್ಮ ಹೃದಯವೇ ತಯಾರಿಸುವ ಪುಟ್ಟ ಆರ್‌ಎನ್‌ಎಗಳ ಕಥೆ

ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಆರ್‌ಎನ್‌ಎ’ ಎಂಬ ಪದ ಓಡಾಡತೊಡಗುತ್ತದೆ, ಹೊರಗಿನಿಂದ ದೇಹಕ್ಕೆ ಸೇರಿಸಿದ ವಿಷವೇನೋ ಎಂಬಂತೆ. ವಿದೇಶಗಳಲ್ಲಿ ಎಂಆರ್‌ಎನ್‌ಎ ಲಸಿಕೆ ಪಡೆದ ಕೆಲವರಲ್ಲಿ, ಮುಖ್ಯವಾಗಿ ಯುವಕರಲ್ಲಿ, ಅಪರೂಪಕ್ಕೆ ಹೃದಯ ಸ್ನಾಯುವಿನ ಉರಿಯೂತ ಕಂಡಿದ್ದು ನಿಜ. ಆದರೆ ನಮ್ಮಲ್ಲಿ ಬಹುಪಾಲು ಜನ ಹಾಕಿಸಿಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡೂ ಆ ಬಗೆಯವಲ್ಲ. ಇನ್ನು ಆರ್‌ಎನ್‌ಎಯನ್ನು ನಮ್ಮ ಜೀವಕೋಶಗಳೇ ಹುಟ್ಟಿನಿಂದ ತಯಾರಿಸುತ್ತಿವೆ.

ದರ್ಶಿನಿ ಹೋಟೆಲನ್ನು ನೆನಪಿಸಿಕೊಳ್ಳಿ. ಗೋಡೆ ಮೇಲಿನ ತಿಂಡಿ ಪಟ್ಟಿ ಡಿಎನ್‌ಎ. ಕೌಂಟರಿನಲ್ಲಿ ಕೊಡುವ ಟೋಕನ್ ಎಂಆರ್‌ಎನ್‌ಎ. ಅಡುಗೆಮನೆಯಿಂದ ಬರುವ ದೋಸೆ ಪ್ರೋಟೀನ್. ಮೈಕ್ರೋಆರ್‌ಎನ್‌ಎ ಎಂಬುದು ಟೋಕನ್‌ಗೆ ಅಂಟಿಕೊಂಡು ‘ದೋಸೆ ಸಾಕು’ ಎಂದು ತಡೆಯುವ ಚೀಟಿ. ಅದು ಗೋಡೆಯ ಪಟ್ಟಿಯನ್ನು ಮುಟ್ಟುವುದಿಲ್ಲ. ಇದರ ಉದ್ದ ಸುಮಾರು 22 ಅಕ್ಷರಗಳಷ್ಟೇ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಪತ್ತೆಹಚ್ಚಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಬಂತು.

ಹೃದಯಕ್ಕೇ ಮೀಸಲಾದ ಒಂದು ಮೈಕ್ರೋಆರ್‌ಎನ್‌ಎಯ ಹೆಸರು ಮೈಆರ್-208ಎ. ಬಿಪಿ ವರ್ಷಗಟ್ಟಲೆ ಹೆಚ್ಚಿದ್ದರೆ ಹೃದಯದ ಗೋಡೆ ದಪ್ಪವಾಗುತ್ತದೆ, ಮುಂದೆ ಸೋಲುತ್ತದೆ. 2007ರಲ್ಲಿ ಅಮೆರಿಕದ ಎರಿಕ್ ಓಲ್ಸನ್ ಅವರ ತಂಡ ಈ ಮೈಕ್ರೋಆರ್‌ಎನ್‌ಎ ಇಲ್ಲದ ಇಲಿಗಳ ಹೃದಯದ ಮೇಲೆ ಒತ್ತಡ ಹಾಕಿ ನೋಡಿತು. ಗೋಡೆ ಅಷ್ಟಾಗಿ ದಪ್ಪವಾಗಲಿಲ್ಲ! ಹಾಗಾದರೆ ಅದನ್ನು ತಡೆಯುವ ಔಷಧಿ ಕೊಟ್ಟುಬಿಡಬಹುದಲ್ಲ? ಅಷ್ಟು ಸುಲಭವಿಲ್ಲ. ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಟೋಕನ್‌ಗಳಿಗೆ ಅಂಟಬಲ್ಲದು. ಒಂದನ್ನು ತಡೆದರೆ ಬೇರೆ ಏನೇನು ಏರುಪೇರಾಗುತ್ತದೋ ನೋಡಬೇಕು. ಇಲಿಯಿಂದ ಮನುಷ್ಯರವರೆಗಿನ ದಾರಿ ಉದ್ದವಾಗಿರುವುದು ಇದಕ್ಕೇ.

ಇದರ ದಾಯಾದಿಯೊಂದು ಮಾತ್ರ ಆಗಲೇ ಔಷಧಿಯಾಗಿದೆ. ಇನ್‌ಕ್ಲಿಸಿರಾನ್ ಎಂಬ ಚುಚ್ಚುಮದ್ದು ಲಿವರ್‌ನಲ್ಲಿ ಒಂದೇ ಒಂದು ಟೋಕನ್ನನ್ನು ತಡೆದು ಕೆಟ್ಟ ಕೊಲೆಸ್ಟ್ರಾಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆರಂಭದ ಡೋಸ್‌ಗಳ ನಂತರ ವರ್ಷಕ್ಕೆ ಎರಡೇ ಚುಚ್ಚುಮದ್ದು. ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ಇದನ್ನು ಓದಿ ಬಿಟ್ಟುಬಿಡಬೇಡಿ.

‘ರಕ್ತದ ಆರ್‌ಎನ್‌ಎ ನೋಡಿ ಹೃದಯಾಘಾತ ಮೊದಲೇ ಹೇಳಬಹುದು’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಮೈಆರ್-208ಎ ರಕ್ತಕ್ಕೆ ಸೋರುವುದು ಹೃದಯದ ಜೀವಕೋಶಗಳು ಸತ್ತ ಮೇಲೆ. ಎದೆನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಕಂಡರೆ ಆಸ್ಪತ್ರೆಯಲ್ಲಿ ಮಾಡುವುದು ಇಸಿಜಿ ಮತ್ತು ಟ್ರೋಪೋನಿನ್ ಪರೀಕ್ಷೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡುತ್ತಾರೆ. ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.